ಪ್ರಭುವಿಗಾಗಿ ಪಟ್ಟವನ್ನು ತೊರೆದ ಸಾಮಂತ: ಧನ್ಯ ಜುಸ್ತೊ ತಕಾಯಾಮಾ ಉಕೊನ್

ದೇವಾಲಯವೊಂದು ನೂರು ವರ್ಷಗಳನ್ನು ಪೂರೈಸಿದ ಶುಭ ಸಂದರ್ಭದಲ್ಲಿ ನಾವು ಮೊದಲು ನೆನೆಯಬೇಕಾದುದು ಅದರ ಅಡಿಗಲ್ಲುಗಳನ್ನು. ಮಣ್ಣಿನೊಳಗೆ ಅಡಗಿಹೋದ ಆ ಕಲ್ಲುಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಗೋಪುರದ ಭಾರವೆಲ್ಲ ಅವುಗಳ ಮೇಲೆಯೇ ಇದೆ. ವಿಶ್ವದ ಧರ್ಮಸಭೆಗೂ ಇಂತಹ ಅಡಿಗಲ್ಲುಗಳಿವೆ. ಅವುಗಳಲ್ಲಿ ಒಂದು, ಜಪಾನ್ ದೇಶದ ವೀರ ಸಾಮಂತ ಜುಸ್ತೊ ತಕಾಯಾಮಾ ಉಕೊನ್ ಅವರ ಜೀವನ. ಕೋಟೆ, ಸೈನ್ಯ, ಸಂಪತ್ತುಗಳೆಲ್ಲವೂ ಕೈಯಲ್ಲಿದ್ದಾಗ ಕ್ರಿಸ್ತರಿಗಾಗಿ ಅವನ್ನು ಒಂದಲ್ಲ, ಮೂರು ಬಾರಿ ಬಿಟ್ಟುಕೊಟ್ಟ ಈ ಮಹನೀಯರ ಚರಿತ್ರೆಯನ್ನು ಭಕ್ತಾದಿಗಳ ಮುಂದಿಡಲು ನಾವು ಬಯಸುತ್ತೇವೆ.

ಅವರು ತೊರೆದುದರ ಬೆಲೆ ಎಷ್ಟೆಂದು ತಿಳಿಯಬೇಕಾದರೆ ಅವರು ಹುಟ್ಟಿದ ನಾಡಿನ ಪೂರ್ವಕಥೆಯನ್ನು ಸಂಕ್ಷೇಪವಾಗಿಯಾದರೂ ಅರಿಯುವುದು ಅವಶ್ಯ.

ಚಕ್ರವರ್ತಿಗಳ ನಾಡು, ಕತ್ತಿಯ ಆಳ್ವಿಕೆ

ಕ್ರಿ.ಶ. 710ರಲ್ಲಿ ಜಪಾನಿನ ರಾಜಧಾನಿಯು ನಾರಾ ಪಟ್ಟಣದಲ್ಲಿ ನೆಲೆಗೊಂಡಿತು. ಚೀನಾ ಮತ್ತು ಕೊರಿಯಾಗಳ ಮೂಲಕ ಬಂದಿದ್ದ ಬೌದ್ಧಮತಕ್ಕೆ ಅಲ್ಲಿ ರಾಜಾಶ್ರಯ ದೊರೆಯಿತು. 752ರಲ್ಲಿ ಪ್ರತಿಷ್ಠಾಪಿತವಾದ ಬುದ್ಧನ ಬೃಹತ್ ಕಂಚಿನ ವಿಗ್ರಹವು ಆ ಯುಗದ ಸಾಕ್ಷಿಯಾಗಿದೆ. 794ರಲ್ಲಿ ರಾಜಧಾನಿಯು ಇಂದಿನ ಕ್ಯೋಟೊ ನಗರಕ್ಕೆ ಸ್ಥಳಾಂತರಗೊಂಡಿತು. ಹೇಯಾನ್ ಯುಗವೆಂದು ಹೆಸರಾದ ಮುಂದಿನ ಸುಮಾರು ನಾಲ್ಕು ಶತಮಾನಗಳು ಕಾವ್ಯ, ಚಿತ್ರಕಲೆ ಮತ್ತು ಅರಮನೆಯ ನಯವಿನಯಗಳ ಕಾಲ. ಮುರಸಾಕಿ ಶಿಕಿಬು ಎಂಬ ಮಹಿಳೆ ಗೆಂಜಿ ರಾಜಕುಮಾರನ ಸುದೀರ್ಘ ಕಥೆಯನ್ನು ರಚಿಸಿದ್ದು ಈ ಯುಗದಲ್ಲಿಯೇ.

ಅರಮನೆಯವರು ಕವಿತೆಯಲ್ಲಿ ಮೈಮರೆತಿದ್ದಾಗ ಹೊರಗಿನ ಪ್ರಾಂತಗಳಲ್ಲಿ ಕತ್ತಿ ಹಿಡಿದವರು ಬಲಗೊಂಡರು. ಇವರೇ ಸಮುರಾಯ್ ಎಂಬ ಯೋಧರು. ಇವರ ನಾಯಕನಾದ ಮಿನಮೊತೊ ಯೊರಿತೊಮೊ 1192ರಲ್ಲಿ ಶೋಗುನ್, ಅಂದರೆ ಮಹಾಸೇನಾಧಿಪತಿ ಎಂಬ ಪದವಿಯನ್ನು ಪಡೆದು ಕಾಮಾಕುರಾ ಎಂಬಲ್ಲಿ ಆಡಳಿತವನ್ನು ಸ್ಥಾಪಿಸಿದನು. ಅಂದಿನಿಂದ ಚಕ್ರವರ್ತಿ ಹೆಸರಿಗೆ ಮಾತ್ರ ದೊರೆ, ಅಧಿಕಾರವೆಲ್ಲ ಸೇನಾಧಿಪತಿಯದು. 1274 ಮತ್ತು 1281ರಲ್ಲಿ ದಂಡೆತ್ತಿ ಬಂದ ಮಂಗೋಲರನ್ನು ಕಾಮಾಕುರಾದವರು ಹಿಮ್ಮೆಟ್ಟಿಸಿದರೂ 1333ರಲ್ಲಿ ಅವರ ಆಳ್ವಿಕೆ ಮುಗಿಯಿತು. ಅನಂತರ ಬಂದುದು ಅಶಿಕಾಗಾ ವಂಶದ ಮುರೊಮಾಚಿ ಯುಗ. 1467ರಿಂದ 1477ರವರೆಗೆ ನಡೆದ ಓನಿನ್ ಅಂತರ್ಯುದ್ಧದಲ್ಲಿ ಕ್ಯೋಟೊ ನಗರದ ಬಹುಭಾಗವು ಸುಟ್ಟು ಬೂದಿಯಾಯಿತು. ಅಲ್ಲಿಂದ ಮುಂದೆ ಒಂದು ಶತಮಾನ ಕಾಲ ದೇಶವೆಲ್ಲ ರಣರಂಗವಾಯಿತು. ನಮ್ಮ ನಾಡಿನ ಪಾಳೆಯಗಾರರಂತೆ ದೈಮ್ಯೊ ಎಂಬ ಸಾಮಂತರು ತಮ್ಮ ತಮ್ಮ ಕೋಟೆಗಳಲ್ಲಿ ಕುಳಿತು ಒಬ್ಬರ ಮೇಲೊಬ್ಬರು ಯುದ್ಧ ಸಾರಿದರು.

ಇಂತಹ ನಾಡಿನಲ್ಲಿ ಮನುಷ್ಯನಿಗೆ ನೆಲವೇ ಸರ್ವಸ್ವ. ಒಬ್ಬ ಸಾಮಂತನ ಯೋಗ್ಯತೆಯನ್ನು ಅವನ ಸೀಮೆಯಲ್ಲಿ ಬೆಳೆಯುವ ಅಕ್ಕಿಯಿಂದ ಅಳೆಯುತ್ತಿದ್ದರು. ಕೊಕು ಎಂಬುದು ಆ ಅಳತೆ. ಒಬ್ಬ ಮನುಷ್ಯನ ಒಂದು ವರ್ಷದ ಊಟಕ್ಕೆ ಸಾಲುವಷ್ಟು ಅಕ್ಕಿ ಎಂದು ಅದರ ಲೆಕ್ಕ. ಒಡೆಯನಿಗೆ ನಿಷ್ಠೆಯಿಂದಿದ್ದವನಿಗೆ ನೆಲ. ನಿಷ್ಠೆ ತಪ್ಪಿದವನಿಗೆ ಮರಣ. ಒಡೆಯನ ಆಜ್ಞೆಯನ್ನು ಮೀರಿದ ಇನ್ನೊಂದು ಆಜ್ಞೆ ಇರಬಹುದೆಂಬ ಯೋಚನೆಗೇ ಅಲ್ಲಿ ಅವಕಾಶವಿರಲಿಲ್ಲ.

ಗೋವೆಯಿಂದ ಹೊರಟ ದೀಪ

ಆ ಇನ್ನೊಂದು ಆಜ್ಞೆಯ ವಾರ್ತೆಯು ಜಪಾನಿಗೆ ತಲುಪಿದ್ದು ನಮ್ಮ ನೆರೆಯ ಗೋವೆಯಿಂದ ಎಂಬುದು ನಮಗೆ ಅಭಿಮಾನದ ಸಂಗತಿ. ಅಂಜಿರೊ ಎಂಬ ಜಪಾನೀಯನು 1548ರಲ್ಲಿ ಗೋವೆಯಲ್ಲಿ ಜ್ಞಾನಸ್ನಾನ ಪಡೆದನು. ಅವನನ್ನು ಜೊತೆಗೆ ಕರೆದುಕೊಂಡು ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರು 1549ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದ ದಿನ, ಕಾಗೊಶಿಮಾ ಬಂದರಿನಲ್ಲಿ ಕಾಲಿಟ್ಟರು. ಎರಡು ವರ್ಷಗಳ ತರುವಾಯ ಯಾಮಾಗುಚಿ ಪಟ್ಟಣದಲ್ಲಿ ಅವರ ಬೋಧನೆಯನ್ನು ಕೇಳಿದವರಲ್ಲಿ ಒಬ್ಬ ಬಡ ಗಾಯಕನಿದ್ದನು. ಕಣ್ಣು ಸರಿಯಾಗಿ ಕಾಣದ ಆತ ಬೀವಾ ಎಂಬ ತಂತಿವಾದ್ಯವನ್ನು ನುಡಿಸುತ್ತ, ಹಳೆಯ ವೀರರ ಕಥೆಗಳನ್ನು ಹಾಡುತ್ತ ಊರೂರು ಅಲೆದು ಹೊಟ್ಟೆ ಹೊರೆಯುತ್ತಿದ್ದನು. ಅವನಿಗೆ ಲೊರೆನ್ಸೊ ಎಂಬ ನಾಮಕರಣವಾಯಿತು. ಮುಂದೆ ಅವನು ಯೇಸುಸಭೆಯ ಸಹೋದರನಾಗಿ ಶ್ರೇಷ್ಠ ಉಪದೇಶಿಯೆನಿಸಿದನು.

1563ರಲ್ಲಿ ನಾರಾ ಪ್ರಾಂತದ ಅಧಿಕಾರಿಗಳು ಈ ಹೊಸ ಧರ್ಮವನ್ನು ಪರೀಕ್ಷಿಸಲು ಪಂಡಿತರನ್ನು ನೇಮಿಸಿದರು. ಅವರೊಡನೆ ಸವಾ ಕೋಟೆಯ ಒಡೆಯರಾದ ತಕಾಯಾಮಾ ಅವರೂ ಇದ್ದರು. ಬಡ ಗಾಯಕ ಲೊರೆನ್ಸೊ ಈ ಪಂಡಿತರ ಮುಂದೆ ನಿಂತು ವಾದಿಸಿದನು. ಖಂಡಿಸಲು ಕುಳಿತವರೇ ಕೊನೆಗೆ ವಿಶ್ವಾಸಿಗಳಾದರು. ಕೋಟೆಯ ಒಡೆಯರು ದಾರಿಯೊ ಎಂಬ ಹೆಸರಿನಿಂದ ಜ್ಞಾನಸ್ನಾನ ಪಡೆದರು. ಮರುವರ್ಷ ಅವರ ಮನೆಯವರಿಗೂ ಈ ಭಾಗ್ಯ ದೊರೆಯಿತು. 1552ರ ಸುಮಾರಿಗೆ ಹುಟ್ಟಿ ಆಗ ಹನ್ನೆರಡರ ಬಾಲಕರಾಗಿದ್ದ ಹಿರಿಯ ಮಗನಿಗೆ ಜುಸ್ತೊ, ಅಂದರೆ ನೀತಿವಂತ, ಎಂದು ಹೆಸರಿಡಲಾಯಿತು. ಅವರೇ ನಮ್ಮ ಚರಿತ್ರನಾಯಕರು. ಗೋವೆಯಿಂದ ಹೊರಟ ದೀಪವು ಸಂತರ ಕೈಯಿಂದ ಕುರುಡು ಗಾಯಕನ ಕೈಗೆ, ಅವನ ಕೈಯಿಂದ ಕೋಟೆಯ ಒಡೆಯರ ಮನೆಗೆ ಬಂದ ಬಗೆ ಇದು.

ತಕಾತ್ಸುಕಿಯ ಒಡೆಯರು

ಬಾಲ್ಯದ ವಿಶ್ವಾಸವು ಪ್ರಾಯದ ಬಿಸಿಯಲ್ಲಿ ಮಸುಳಿಸುವುದುಂಟು. ಜುಸ್ತೊ ಉಕೊನ್ ಸಹ ಎಲ್ಲ ಯೋಧರ ಮಕ್ಕಳಂತೆ ಕತ್ತಿ, ಕುದುರೆಗಳ ನಡುವೆಯೇ ಬೆಳೆದರು. 1573ರಲ್ಲಿ, ತಕಾತ್ಸುಕಿ ಕೋಟೆಯ ತರುಣ ಒಡೆಯನೊಡನೆ ನಡೆದ ಕಾಳಗದಲ್ಲಿ ಅವರು ಕುತ್ತಿಗೆಗೆ ಬಿದ್ದ ಏಟಿನಿಂದ ಸಾವಿನ ಬಾಗಿಲನ್ನು ತಟ್ಟಿ ಬಂದರು. ಹಾಸಿಗೆ ಹಿಡಿದು ಮಲಗಿದ್ದ ದಿನಗಳಲ್ಲಿ ಅವರ ಅಂತರಂಗವು ಬದಲಾಯಿತು. ಹೆಸರಿಗೆ ಮಾತ್ರ ಕ್ರೈಸ್ತರಾಗಿದ್ದ ಯುವಕ ನಿಜವಾಗಿ ಕ್ರಿಸ್ತರ ಹಿಂಬಾಲಕರಾಗಿ ಎದ್ದರು.

ತಕಾತ್ಸುಕಿ ಕೋಟೆಯು ತಂದೆಮಕ್ಕಳ ವಶಕ್ಕೆ ಬಂದಿತು. ಅಲ್ಲಿ ಅವರು ದೇವಾಲಯವೊಂದನ್ನು ಕಟ್ಟಿಸಿದರು. ರಾಜಧಾನಿ ಕ್ಯೋಟೊದಲ್ಲಿ 1576ರಲ್ಲಿ ಎದ್ದ ದೇವಾಲಯಕ್ಕೂ ಉದಾರವಾಗಿ ನೆರವಾದರು. ಆದರೆ ಜನರ ಮನಸ್ಸನ್ನು ಸೆಳೆದುದು ಕಟ್ಟಡಗಳಲ್ಲ. ಆ ನಾಡಿನಲ್ಲಿ ಬಡವರ ಶವಗಳನ್ನು ಹೊರುವ ಕೆಲಸವನ್ನು ಸಮಾಜದಿಂದ ಹೊರಗಿಡಲ್ಪಟ್ಟ ಜನರಿಗೆ ಬಿಟ್ಟಿದ್ದರು. ಕುಲೀನನು ಶವವನ್ನು ಮುಟ್ಟಿದರೆ ಮಾನ ಹೋದಂತೆ. ಅಂತಹ ನಾಡಿನಲ್ಲಿ ಬಡ ಕ್ರೈಸ್ತನೊಬ್ಬನು ಸತ್ತಾಗ ಕೋಟೆಯ ಒಡೆಯರಾದ ದಾರಿಯೊ ಮತ್ತು ಜುಸ್ತೊ ತಾವೇ ಶವಪೆಟ್ಟಿಗೆಗೆ ಹೆಗಲು ಕೊಟ್ಟರು. ಇದನ್ನು ಕಂಡ ಯೋಧರು ಗುದ್ದಲಿ ಹಿಡಿದು ಗುಂಡಿ ತೋಡಲು ಮುಂದೆ ಬಂದರು. ನೂರು ಪ್ರಸಂಗಗಳು ಮಾಡದ ಕೆಲಸವನ್ನು ಆ ಒಂದು ಹೆಗಲು ಮಾಡಿತೆಂದರೆ ಅತಿಶಯೋಕ್ತಿಯಲ್ಲ. ಗೋವೆಯ ಮಾರ್ಗವಾಗಿ ಜಪಾನಿಗೆ ಬಂದ ಯೇಸುಸಭೆಯ ಸಂದರ್ಶಕ ಗುರು ವಲಿಞಾನೊ ಅವರು 1581ರ ಪಾಸ್ಕ ಹಬ್ಬವನ್ನು ತಕಾತ್ಸುಕಿಯಲ್ಲಿಯೇ ಆಚರಿಸಿದರು. ಆ ವೇಳೆಗೆ ಸೀಮೆಯ 25,000 ಜನರಲ್ಲಿ 18,000 ಮಂದಿ ಕ್ರೈಸ್ತರಾಗಿದ್ದರೆಂದು ಯೇಸುಸಭೆಯ ಗುರುಗಳ ವರದಿಗಳಿಂದ ತಿಳಿದುಬರುತ್ತದೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಅವರ ಸೀಮೆಗಳಲ್ಲಿ ಕೆಲವು ಬೌದ್ಧ ಮಂದಿರಗಳು ನಾಶವಾದುವೆಂದು ಅಲ್ಲಿನ ಮಂದಿರಗಳ ಇತಿಹಾಸಗಳು ಹೇಳುತ್ತವೆ. ಪರಧರ್ಮ ಸಹಿಷ್ಣುತೆಯನ್ನು ಅರಿಯದ ಯುಗವದು. ಯುದ್ಧದಲ್ಲಿ ಎಲ್ಲ ಪಕ್ಷದವರೂ ಮಂದಿರಗಳನ್ನು ಸುಡುತ್ತಿದ್ದರು. ಆದರೂ ಹಲವು ಧರ್ಮಗಳ ನೆರೆಹೊರೆಯಲ್ಲಿ ಬಾಳುವ ನಾವು ಇದನ್ನು ಸಮರ್ಥಿಸಲಾರೆವು. ಪುಣ್ಯಪುರುಷರೂ ತಮ್ಮ ಕಾಲದ ಮಕ್ಕಳೇ. ಅವರ ನಿಜವಾದ ದೊಡ್ಡತನವು ಅಧಿಕಾರವನ್ನು ಬಳಸಿದ ರೀತಿಯಲ್ಲಿ ಅಲ್ಲ, ಅದನ್ನು ಬಿಟ್ಟ ರೀತಿಯಲ್ಲಿ ಕಾಣುತ್ತದೆ.

ಮೊದಲನೆಯ ತ್ಯಾಗ

ಆಗ ಜಪಾನಿನ ಬಲಿಷ್ಠ ನಾಯಕನಾಗಿದ್ದವನು ಓದಾ ನೊಬುನಾಗಾ. 1573ರಲ್ಲಿ ಅವನು ಕೊನೆಯ ಅಶಿಕಾಗಾ ಶೋಗುನನನ್ನು ರಾಜಧಾನಿಯಿಂದ ಓಡಿಸಿದಾಗ ಮುರೊಮಾಚಿ ಯುಗವು ಮುಗಿದು ಅಜುಚಿ-ಮೊಮೊಯಾಮಾ ಎಂಬ ಹೊಸ ಯುಗವು ಆರಂಭವಾಯಿತು. ಉಕೊನರ ನೇರ ಒಡೆಯನು ಅರಾಕಿ ಮುರಶಿಗೆ. ಅವನ ಮೇಲಿನ ಒಡೆಯನು ನೊಬುನಾಗಾ. 1578ರಲ್ಲಿ ಅರಾಕಿಯು ನೊಬುನಾಗಾನ ವಿರುದ್ಧ ದಂಗೆಯೆದ್ದನು. ದಂಗೆ ಬೇಡವೆಂದು ಉಕೊನ್ ಬುದ್ಧಿ ಹೇಳಿದ್ದರು. ತಮ್ಮ ನಿಷ್ಠೆಯ ಕುರುಹಾಗಿ ತಮ್ಮ ಪುಟ್ಟ ಮಗನನ್ನೂ ತಂಗಿಯನ್ನೂ ಅರಾಕಿಯ ಬಳಿ ಒತ್ತೆಯಾಗಿ ಇಟ್ಟಿದ್ದರು. ಅರಾಕಿಯಾದರೋ ಕೇಳಲಿಲ್ಲ.

ನೊಬುನಾಗಾನ ಸೈನ್ಯವು ಬಂದು ಇಳಿಯಿತು. ಕೋಟೆಯನ್ನು ಒಪ್ಪಿಸದಿದ್ದರೆ ಸೆರೆಹಿಡಿದ ಗುರುಗಳನ್ನು ಕೊಲ್ಲಿಸುವುದಾಗಿಯೂ ದೇವಾಲಯಗಳನ್ನು ನಾಶಪಡಿಸುವುದಾಗಿಯೂ ಅವನು ಬೆದರಿಕೆ ಹಾಕಿ, ಒರ್ಗಾಂತಿನೊ ಎಂಬ ಇಟಲಿಯ ಗುರುಗಳನ್ನು ಸಂಧಾನಕ್ಕೆ ಕಳುಹಿಸಿದನು. ಇಪ್ಪತ್ತಾರು ವರ್ಷದ ಉಕೊನರ ಸಂಕಟವನ್ನು ನಾವು ಊಹಿಸಬೇಕು. ಕೋಟೆಯನ್ನು ಒಪ್ಪಿಸಿದರೆ ಮಗ ಮತ್ತು ತಂಗಿಯ ಪ್ರಾಣಕ್ಕೆ ಕುತ್ತು, ಒಡೆಯನಿಗೆ ದ್ರೋಹ. ಒಪ್ಪಿಸದಿದ್ದರೆ ಗುರುಗಳ, ವಿಶ್ವಾಸಿಗಳ ರಕ್ತ ತಮ್ಮ ತಲೆಯ ಮೇಲೆ. ಮನೆಯೊಳಗೂ ಒಮ್ಮತವಿರಲಿಲ್ಲ, ಒತ್ತೆಯಲ್ಲಿದ್ದವರನ್ನು ನೆನೆದು ತಂದೆ ದಾರಿಯೊ ಕೋಟೆಯನ್ನು ಬಿಡಲು ಒಪ್ಪಲಿಲ್ಲ.

ಉಕೊನ್ ದೀರ್ಘಕಾಲ ಪ್ರಾರ್ಥನೆಯಲ್ಲಿ ಕಳೆದರು. ಅನಂತರ ಅವರು ಹಿಡಿದ ದಾರಿಯನ್ನು ಯಾರೂ ನಿರೀಕ್ಷಿಸಿರಲಿಲ್ಲ. ಎರಡು ಒಡೆಯರಲ್ಲಿ ಯಾರ ಪಕ್ಷವನ್ನೂ ಹಿಡಿಯದೆ ತಾವು ಸಾಮಂತರಾಗಿರುವುದನ್ನೇ ಬಿಟ್ಟರು. ಯೋಧನ ಗೌರವದ ಗುರುತಾದ ಜುಟ್ಟನ್ನು ಕತ್ತರಿಸಿಕೊಂಡು, ಕಾಗದದ ಬಡ ಉಡುಪನ್ನು ತೊಟ್ಟು, ನಿರಾಯುಧರಾಗಿ ನೊಬುನಾಗಾನ ಬಿಡಾರಕ್ಕೆ ನಡೆದರು. ಅಧಿಕಾರವೇ ಇಲ್ಲದವನಿಂದ ಯಾರಿಗೂ ದ್ರೋಹವಾಗಲಾರದು. ದಾರಿಯೊ ಅವರು ಅರಾಕಿಯ ಕೋಟೆಗೆ ಹೋಗಿ ಒತ್ತೆಯವರ ಬಳಿ ನಿಂತರು. ದೇವರ ಕೃಪೆಯಿಂದ ಮಗುವೂ ತಂಗಿಯೂ ಉಳಿದರು. ಗುರುಗಳೂ ಬದುಕಿದರು. ಮರುವರ್ಷ ಅರಾಕಿಯ ಕಡೆಯ ನೂರಾರು ಮಂದಿ ಸ್ತ್ರೀಯರನ್ನೂ ಮಕ್ಕಳನ್ನೂ ಸೇವಕರನ್ನೂ ನೊಬುನಾಗಾನು ನಿರ್ದಯೆಯಿಂದ ಕೊಲ್ಲಿಸಿದನೆಂಬುದನ್ನು ನೆನೆದರೆ, ಅಂದು ಪಣಕ್ಕೆ ಬಿದ್ದುದು ಏನೆಂಬುದು ತಿಳಿಯುತ್ತದೆ. ಉಕೊನರಿಗೆ ತಕಾತ್ಸುಕಿಯು ಮರಳಿ ದೊರೆಯಿತು. ಸೀಮೆಯು 40,000 ಕೊಕುಗಳಿಗೆ ಏರಿತು. ದಾರಿಯೊ ಮಾತ್ರ ದೂರದ ಎಚಿಜೆನ್ ಪ್ರಾಂತಕ್ಕೆ ಗಡೀಪಾರಾದರು.

ಎರಡನೆಯ ತ್ಯಾಗ

1582ರಲ್ಲಿ ನೊಬುನಾಗಾನು ತನ್ನ ಸೇನಾನಿಯಾದ ಅಕೆಚಿ ಮಿತ್ಸುಹಿದೆಯ ದ್ರೋಹಕ್ಕೆ ಕ್ಯೋಟೊದಲ್ಲಿ ಬಲಿಯಾದನು. ಯಾಮಾಜಾಕಿ ಕಾಳಗದಲ್ಲಿ ಆ ದ್ರೋಹಿಯನ್ನು ಸೋಲಿಸಿದ ತೊಯೊತೊಮಿ ಹಿದೆಯೊಶಿಯ ಸೈನ್ಯದ ಮುಂಚೂಣಿಯಲ್ಲಿ ಉಕೊನ್ ಇದ್ದರು. ರೈತನ ಮನೆಯಲ್ಲಿ ಹುಟ್ಟಿ ದೇಶದ ಒಡೆಯನಾದ ಹಿದೆಯೊಶಿಯು ಉಕೊನರನ್ನು ಮೆಚ್ಚಿ, 1585ರಲ್ಲಿ ಅಕಾಶಿ ಎಂಬ ಕಡಲತೀರದ ಸೀಮೆಯನ್ನು ಕೊಟ್ಟನು. ಅದರ ಉತ್ಪತ್ತಿ 60,000 ಕೊಕು.

ಈ ದಿನಗಳಲ್ಲಿ ಉಕೊನ್ ಚಹಾ ವಿಧಿಯ ಮಹಾಗುರು ಸೆನ್ ನೊ ರಿಕ್ಯೂ ಅವರ ಏಳು ಮಂದಿ ಮುಖ್ಯ ಶಿಷ್ಯರಲ್ಲಿ ಒಬ್ಬರೆನಿಸಿದರು. ರಿಕ್ಯೂ ರೂಪಿಸಿದ ಚಹಾಕುಟೀರದ ಬಾಗಿಲು ಅತಿ ಚಿಕ್ಕದು. ಎಂತಹ ಸಾಮಂತನಾದರೂ ಕತ್ತಿಯನ್ನು ಹೊರಗಿಟ್ಟು, ತಲೆ ಬಾಗಿ, ಮೊಣಕಾಲೂರಿ ಒಳಗೆ ಬರಬೇಕು. ಉಕೊನ್ ಅಂತಹ ಕುಟೀರದಲ್ಲಿ ಪವಿತ್ರ ಚಿತ್ರವನ್ನಿರಿಸಿ ಏಕಾಂತದಲ್ಲಿ ಪ್ರಾರ್ಥಿಸುತ್ತಿದ್ದರು. ಅವರ ಸ್ನೇಹದಿಂದ ಗಾಮೊ ಉಜಿಸಾತೊ, ಕುರೊದಾ ಯೊಶಿತಾಕಾ ಮೊದಲಾದ ಸಾಮಂತರು ಜ್ಞಾನಸ್ನಾನ ಪಡೆದರು. ಅವರ ಮಾತುಗಳನ್ನು ಗೆಳೆಯ ಹೊಸೊಕಾವಾ ತದಾಓಕಿಯು ಮನೆಯಲ್ಲಿ ವಿವರಿಸುತ್ತಿದ್ದುದನ್ನು ಕೇಳಿಯೇ ಅವನ ಪತ್ನಿಯ ಮನಸ್ಸು ಕ್ರಿಸ್ತರ ಕಡೆಗೆ ತಿರುಗಿತು. ಗ್ರಾಸಿಯಾ ಎಂಬ ಹೆಸರಿನಿಂದ ಜಪಾನಿನ ಇತಿಹಾಸದಲ್ಲಿ ಪ್ರಸಿದ್ಧಳಾದ ಸಾಧ್ವಿ ಆಕೆಯೇ.

ಆದರೆ ಹಿದೆಯೊಶಿಯ ಮನಸ್ಸು ಕೆಟ್ಟಿತು. ತನಗಿಂತ ಹಿರಿಯ ಒಡೆಯನಿಗೆ ಸಾಮಂತರು ವಿಧೇಯರಾಗುವುದು ಅವನಿಗೆ ಅಪಾಯವಾಗಿ ಕಂಡಿತು. 1587ರ ಜುಲೈ 24ರಂದು, ಕ್ಯುಶೂ ದ್ವೀಪದ ದಂಡಯಾತ್ರೆ ಮುಗಿಸಿ ಹಕಾತಾ ಪಟ್ಟಣದಲ್ಲಿದ್ದಾಗ, ಗುರುಗಳೆಲ್ಲರೂ ದೇಶವನ್ನು ಬಿಡಬೇಕೆಂದು ಅವನು ಆಜ್ಞೆ ಹೊರಡಿಸಿದನು. ವಿಶ್ವಾಸವನ್ನು ಬಿಡುವೆಯೋ, ಸೀಮೆಯನ್ನು ಬಿಡುವೆಯೋ ಎಂದು ಉಕೊನರಿಗೂ ದೂತರ ಮೂಲಕ ಪ್ರಶ್ನೆ ಬಂದಿತು. ಹೊರಗೆ ಒಪ್ಪಿದಂತೆ ತೋರಿಸಿ ಒಳಗೆ ಕ್ರೈಸ್ತರಾಗಿರಬಹುದಲ್ಲವೆಂದು ಗೆಳೆಯರು ಕಿವಿಮಾತು ಹೇಳಿದರು. ಉಕೊನ್ ಒಪ್ಪಲಿಲ್ಲ. ಒಂದು ರಾತ್ರಿಯಲ್ಲಿ ಅವರು ನಿರ್ಗತಿಕರಾದರು. ಅವರ ವೃದ್ಧ ತಂದೆತಾಯಿಗಳೂ, ಪತ್ನಿ ಜುಸ್ತಾ ಅವರೂ, ಅವರನ್ನು ನಂಬಿದ ಯೋಧರ ಸಂಸಾರಗಳೂ ಅಕಾಶಿಯಿಂದ ಗಂಟುಮೂಟೆ ಕಟ್ಟಿ ಹೊರಡಬೇಕಾಯಿತು. ಯಜಮಾನನ ತ್ಯಾಗದ ಭಾರವನ್ನು ಮನೆಯವರೆಲ್ಲರೂ ಹೊರಬೇಕಾಗುತ್ತದೆ. ಆ ಹೆಸರಿಲ್ಲದ ಸ್ತ್ರೀಯರನ್ನೂ ಮಕ್ಕಳನ್ನೂ ನಾವಿಲ್ಲಿ ಗೌರವದಿಂದ ನೆನೆಯೋಣ.

ಕ್ರೈಸ್ತ ಸಾಮಂತನಾದ ಕೊನಿಶಿ ಯುಕಿನಾಗಾನು ಅವರನ್ನು ಕೆಲಕಾಲ ದ್ವೀಪವೊಂದರಲ್ಲಿ ಮರೆಯಾಗಿ ಸಲಹಿದನು. ಮರುವರ್ಷ ಕಾಗಾ ಪ್ರಾಂತದ ದೊಡ್ಡ ಸಾಮಂತ ಮಾಯೆದಾ ತೊಶಿಯಿಯೆಯು ಆಶ್ರಯವಿತ್ತನು. ಮುಂದಿನ ಇಪ್ಪತ್ತಾರು ವರ್ಷ ಉಕೊನ್ ಕನಾಜಾವಾ ಪಟ್ಟಣದಲ್ಲಿ ಪರರ ಆಶ್ರಿತರಾಗಿ ಬಾಳಿದರು. ಕೋಟೆಯ ನಿರ್ಮಾಣದಲ್ಲಿ ಸಲಹೆ ನೀಡುತ್ತ, ಚಹಾ ವಿಧಿಯನ್ನು ಕಲಿಸುತ್ತ, ದೇವಾಲಯಗಳನ್ನು ಪೋಷಿಸುತ್ತ ದಿನ ಕಳೆದರು.

ಈ ನಡುವೆ, 1597ರ ಫೆಬ್ರವರಿ 5ರಂದು, ನಾಗಾಸಾಕಿಯ ಗುಡ್ಡದ ಮೇಲೆ ಇಪ್ಪತ್ತಾರು ಮಂದಿಯನ್ನು ಶಿಲುಬೆಗೇರಿಸಲಾಯಿತು. ಅವರಲ್ಲಿ ಒಬ್ಬರು ನಮ್ಮ ಭಾರತದವರೇ ಆದ, ಮುಂಬಯಿಯ ಬಳಿಯ ವಸಾಯಿಯಲ್ಲಿ ಹುಟ್ಟಿದ, ಫ್ರಾನ್ಸಿಸ್ಕನ್ ಸಹೋದರ ಸಂತ ಗೊನ್ಸಾಲೊ ಗಾರ್ಸಿಯಾ. ಗೋವೆಯಿಂದ ಹೊರಟ ದೀಪಕ್ಕೆ ಭಾರತದ ಎಣ್ಣೆಯೂ ಸೇರಿತು.

ಮೂರನೆಯ ತ್ಯಾಗ

1598ರಲ್ಲಿ ಹಿದೆಯೊಶಿಯು ಸತ್ತನು. 1600ರ ಸೆಕಿಗಾಹರಾ ಕಾಳಗದಲ್ಲಿ ಗೆದ್ದ ತೊಕುಗಾವಾ ಇಯೆಯಾಸು 1603ರಲ್ಲಿ ಶೋಗುನನಾದನು. ಇಂದಿನ ತೋಕಿಯೋ ಆಗಿರುವ ಎಡೊ ಪಟ್ಟಣವು ಆಡಳಿತದ ಕೇಂದ್ರವಾಯಿತು. 1868ರವರೆಗೆ ನಡೆದ ಎಡೊ ಯುಗದ ಆರಂಭವಿದು. ದೇಶಕ್ಕೆ ಶಾಂತಿ ಬಂದಿತು. ಕ್ರೈಸ್ತರಿಗೆ ಮಾತ್ರ ಶಿಲುಬೆ ಬಂದಿತು. 1614ರ ಆರಂಭದಲ್ಲಿ ಗುರುಗಳನ್ನೂ ಕ್ರೈಸ್ತ ಮುಖಂಡರನ್ನೂ ದೇಶದಿಂದ ಹೊರಗೆ ಹಾಕುವ ಆಜ್ಞೆಯು ಹೊರಟಿತು.

ಉಕೊನರಿಗೆ ಆಗ ಅರವತ್ತು ದಾಟಿತ್ತು. ಚಳಿಗಾಲದಲ್ಲಿ, ಹಿಮ ಮುಚ್ಚಿದ ಬೆಟ್ಟದ ದಾರಿಯಲ್ಲಿ, ಪತ್ನಿ, ಮಗಳು ಮತ್ತು ಮೊಮ್ಮಕ್ಕಳೊಡನೆ ಅವರು ಕಾವಲುಗಾರರ ನಡುವೆ ನಡೆದರು. ನಾಗಾಸಾಕಿಯಲ್ಲಿ ತಿಂಗಳುಗಟ್ಟಲೆ ಕಾದು, ನವೆಂಬರ್ 8ರಂದು, ಸುಮಾರು ಮುನ್ನೂರು ಮಂದಿ ಕ್ರೈಸ್ತರೊಡನೆ ಹಡಗು ಹತ್ತಿದರು. ಆ ದಿನಗಳಲ್ಲಿಯೇ ಓಸಾಕಾ ಕೋಟೆಯಲ್ಲಿ ಹಿದೆಯೊಶಿಯ ಮಗನು ತೊಕುಗಾವಾ ವಂಶದ ಮೇಲೆ ಕೊನೆಯ ಯುದ್ಧಕ್ಕೆ ಸೈನ್ಯ ಕೂಡಿಸುತ್ತಿದ್ದನು. ಕೀರ್ತಿವಂತನಾದ ಹಳೆಯ ಸೇನಾನಿಗೆ ಕತ್ತಿ ಹಿಡಿಯಲು ಅದಕ್ಕಿಂತ ಒಳ್ಳೆಯ ಅವಕಾಶ ದೊರೆಯುತ್ತಿರಲಿಲ್ಲ. ಉಕೊನ್ ಕತ್ತಿಯನ್ನು ಹಿಡಿಯಲಿಲ್ಲ.

ಡಿಸೆಂಬರಿನಲ್ಲಿ ಅವರು ಫಿಲಿಪ್ಪೀನ್ಸ್ ದ್ವೀಪಗಳ ಮನಿಲಾ ನಗರಕ್ಕೆ ಬಂದಿಳಿದರು. ಸ್ಪೇನಿನ ರಾಜ್ಯಪಾಲನೂ ನಗರವಾಸಿಗಳೂ ಅವರನ್ನು ಅದ್ಧೂರಿಯಿಂದ ಸ್ವಾಗತಿಸಿದರು. ಆದರೆ ಪ್ರಯಾಣದ ಕಷ್ಟದಿಂದ ಅವರ ದೇಹ ಬಳಲಿತ್ತು. ಬಂದು ಸುಮಾರು ನಲವತ್ತು ದಿನಗಳಲ್ಲಿ ಜ್ವರ ಹಿಡಿಯಿತು. ಮೊಮ್ಮಕ್ಕಳನ್ನು ಬಳಿಗೆ ಕರೆದು ವಿಶ್ವಾಸದಲ್ಲಿ ದೃಢವಾಗಿರಲು ಬೋಧಿಸಿ, 1615ರ ಫೆಬ್ರವರಿ ತಿಂಗಳ ಆರಂಭದಲ್ಲಿ ಅವರು ಪ್ರಭುವಿನಲ್ಲಿ ನಿದ್ರೆಹೋದರು. ಬಡವನ ಶವಕ್ಕೆ ಹೆಗಲು ಕೊಟ್ಟಿದ್ದ ಆ ಸಾಮಂತರ ಅಂತ್ಯಕ್ರಿಯೆಯನ್ನು ಪರದೇಶದ ಜನರು ರಾಜಮರ್ಯಾದೆಯಿಂದ ನೆರವೇರಿಸಿದರು.

ಬೂದಿಯೊಳಗಿನ ಕೆಂಡ

ಅವರು ಬಿಟ್ಟುಬಂದ ನಾಡಿನಲ್ಲಿ ಮುಂದೆ ನಡೆದುದನ್ನು ನಾವು ಬಲ್ಲೆವು. 1637–38ರಲ್ಲಿ ಶಿಮಾಬಾರಾದ ದಂಗೆಯನ್ನು ಅಡಗಿಸಿದ ಬಳಿಕ ಜಪಾನ್ ತನ್ನ ಬಾಗಿಲುಗಳನ್ನು ಮುಚ್ಚಿತು. ಗುರುಗಳಿಲ್ಲದೆ, ಬಲಿಪೂಜೆಯಿಲ್ಲದೆ, ದೇವಾಲಯವಿಲ್ಲದೆ ತಲೆಮಾರುಗಳು ಕಳೆದವು. 1865ರ ಮಾರ್ಚ್ 17ರಂದು, ನಾಗಾಸಾಕಿಯ ಓಉರಾದಲ್ಲಿ ಇಪ್ಪತ್ತಾರು ರಕ್ತಸಾಕ್ಷಿಗಳ ಹೆಸರಿನಲ್ಲಿ ಹೊಸದಾಗಿ ಕಟ್ಟಿದ್ದ ದೇವಾಲಯಕ್ಕೆ ಕೆಲವು ಮಂದಿ ರೈತರು ಬಂದು, ತಾವೂ ಅದೇ ವಿಶ್ವಾಸದವರೆಂದು ಫ್ರೆಂಚ್ ಗುರುಗಳಿಗೆ ಮೆಲ್ಲನೆ ತಿಳಿಸಿ, ಮಾತೆ ಮರಿಯಮ್ಮನವರ ಪ್ರತಿಮೆ ಎಲ್ಲಿದೆಯೆಂದು ವಿಚಾರಿಸಿದರು. ಎರಡು ಶತಮಾನಗಳಿಗೂ ಹೆಚ್ಚು ಕಾಲ ಆ ಕೆಂಡವು ಬೂದಿಯೊಳಗೆ ಆರದೆ ಉಳಿದಿತ್ತು. 1873ರಲ್ಲಿ ನಿಷೇಧವು ತೆಗೆದುಹೋಯಿತು.

ಉಕೊನರ ರಕ್ತವನ್ನು ಯಾವ ಕತ್ತಿಯೂ ಚೆಲ್ಲಲಿಲ್ಲ. ಆದರೂ ಗಡೀಪಾರಿನ ಕಷ್ಟಗಳಿಂದ ಬಂದ ಅವರ ಮರಣವನ್ನು ಧರ್ಮಸಭೆಯು ರಕ್ತಸಾಕ್ಷಿಯ ಮರಣವೆಂದೇ ಸ್ವೀಕರಿಸಿತು. ಅಂದಿನ ಜಗದ್ಗುರು ಫ್ರಾನ್ಸಿಸ್ ಅವರು 2016ರಲ್ಲಿ ಇದಕ್ಕೆ ಅನುಮತಿ ನೀಡಿದರು. 2017ರ ಫೆಬ್ರವರಿ 7ರಂದು ಓಸಾಕಾ ನಗರದಲ್ಲಿ, ಸಹಸ್ರಾರು ಭಕ್ತರ ಸಮ್ಮುಖದಲ್ಲಿ, ಕಾರ್ಡಿನಲ್ ಆಂಜೆಲೊ ಅಮಾತೊ ಅವರು ಉಕೊನರನ್ನು ಧನ್ಯರೆಂದು ಘೋಷಿಸಿದರು.

ನೊಬುನಾಗಾ, ಹಿದೆಯೊಶಿ, ಇಯೆಯಾಸು ಈ ಮೂವರೂ ಜಪಾನನ್ನು ಗೆದ್ದವರು. ಮೂವರ ಎದುರಿನಲ್ಲಿಯೂ ಒಂದೊಂದು ಬಾರಿ ಉಕೊನ್ ಬರಿಗೈಯಲ್ಲಿ ನಿಂತರು. ಆ ಮೂವರ ಅಧಿಕಾರವೂ ಅವರ ವಂಶಗಳ ಅಧಿಕಾರವೂ ಇಂದು ಇತಿಹಾಸದ ಪುಟಗಳಲ್ಲಿ ಮಾತ್ರ ಇವೆ. ಬರಿಗೈಯವರ ಹೆಸರಾದರೋ ಬಲಿಪೀಠದ ಬಳಿ ಉಚ್ಚರಿಸಲ್ಪಡುತ್ತಿದೆ. ನಮಗೆ ಕೋಟೆಗಳಿಲ್ಲ, ಸೀಮೆಗಳಿಲ್ಲ. ಆದರೆ ಉದ್ಯೋಗ, ಜಮೀನು, ಮರ್ಯಾದೆ ಎಂಬ ಚಿಕ್ಕ ಚಿಕ್ಕ ಕೋಟೆಗಳು ನಮಗೂ ಉಂಟು. ಅವನ್ನು ಉಳಿಸಿಕೊಳ್ಳಲು ಸತ್ಯವನ್ನು ಸ್ವಲ್ಪ ಬದಿಗಿಟ್ಟರಾಯಿತೆಂಬ ಕಿವಿಮಾತು ನಮಗೂ ಕೇಳಿಬರುತ್ತದೆ. ಅಂತಹ ಗಳಿಗೆಯಲ್ಲಿ ಹಿಮದ ದಾರಿಯಲ್ಲಿ ಮೊಮ್ಮಕ್ಕಳ ಕೈಹಿಡಿದು ನಡೆದ ಆ ವೃದ್ಧ ಸಾಮಂತರು ನಮ್ಮ ಕಣ್ಣಮುಂದೆ ನಿಲ್ಲಲಿ. ನೂರು ವರ್ಷಗಳ ಹಿಂದೆ ಅಡಿಗಲ್ಲು ಹೊತ್ತ ನಮ್ಮ ಹಿರಿಯರ ವಿಶ್ವಾಸವು ನಮ್ಮ ಮೊಮ್ಮಕ್ಕಳವರೆಗೂ ಆರದೆ ಬೆಳಗಲೆಂದು ಧನ್ಯ ಜುಸ್ತೊ ತಕಾಯಾಮಾ ಉಕೊನರ ಬಿನ್ನಹದ ಮೂಲಕ ದೇವರಲ್ಲಿ ಪ್ರಾರ್ಥಿಸೋಣ.